ನಮ್ಮ ಶಾಲೆಯ ಸೌಕರ್ಯಗಳು: ಯಾವುದು ಮೊದಲು, ಯಾವುದು ಅನಂತರ?

ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿದರೆ ಸಾಮಾನ್ಯವಾಗಿ ನಮಗೆ ಕಾಣಬರುವ ಸಂಗತಿಗಳು ಮೂರು: ಪರೀಕ್ಷೆಯ ಫಲಿತಾಂಶ, ಕಟ್ಟಡಗಳ ಚಿತ್ರ, ಮಹನೀಯರ ಶುಭಾಶಯ. ಇವೆಲ್ಲವೂ ಇರತಕ್ಕವೇ, ಇವುಗಳ ವಿಷಯದಲ್ಲಿ ನಮಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಬಾಲಿಕೆಯರ ಪ್ರೌಢಶಾಲೆಯೊಂದು ದಿನದಿನವೂ ನಡೆಯುವುದು ಚಿತ್ರದಲ್ಲಿ ಬಾರದ ಕೆಲವು ವಸ್ತುಗಳ ಬಲದಿಂದ. ಕುಡಿಯುವ ನೀರು, ಶೌಚಾಲಯ, ಮಧ್ಯಾಹ್ನದ ಊಟ, ಮನೆಯಿಂದ ಶಾಲೆಗೆ ಬರುವ ದಾರಿ, ತಲೆನೋವು ಬಂದಾಗ ಮಲಗಲು ಒಂದು ಮಂಚ, ಮನಸ್ಸಿನ ದುಃಖವನ್ನು ಕೇಳುವ ಒಬ್ಬ ಹಿರಿಯಳು, ಸಂಜೆ ಓದಲು ಒಂದು ಪುಸ್ತಕ ಭಂಡಾರ: ಇವುಗಳನ್ನು ನಾವು ಪಾಠಕ್ಕೆ ಆಸರೆಯಾದ ಸೌಕರ್ಯಗಳೆಂದು ಕರೆಯುತ್ತೇವೆ. ಈ ಲೇಖನದಲ್ಲಿ ಅವುಗಳನ್ನು ಕುರಿತು ನಾಲ್ಕು ಮಾತುಗಳನ್ನು ಹಳೆಯ ವಿದ್ಯಾರ್ಥಿನಿಯರಾದ ನಮ್ಮ ಸೋದರಿಯರಿಗೂ, ಈಗಿನ ಬಾಲಿಕೆಯರ ತಂದೆತಾಯಂದಿರಿಗೂ ಅರಿಕೆ ಮಾಡಿಕೊಳ್ಳಲು ಇಚ್ಛಿಸುತ್ತೇವೆ.

ಈ ಸೌಕರ್ಯಗಳನ್ನು ಉತ್ತಮಪಡಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವು ಹುಟ್ಟುವುದು 'ಯಾವುದನ್ನು ಮೊದಲು' ಎಂಬ ಪ್ರಶ್ನೆಯಲ್ಲಿ. ದೂರದ ಹಳ್ಳಿಯ ತಂದೆಗೆ ಶಾಲೆಯ ವಾಹನ ಬೇಕು. ಊರಿನಲ್ಲಿಯೇ ಇರುವ ತಾಯಿಗೆ ಗಣಕಯಂತ್ರಗಳ ಕೊಠಡಿ ಬೇಕು. ವಿದ್ಯಾರ್ಥಿನಿನಿಲಯದ ಮೇಲ್ವಿಚಾರಕಿಗೆ ಸೋರದ ಅಡಿಗೆಮನೆ ಬೇಕು. ಉಪಾಧ್ಯಾಯಿನಿಯರಿಗೆ ಪುಸ್ತಕಗಳು ಬೇಕು. ಬಾಲಿಕೆಯರಿಗೆ ಏನು ಬೇಕೆಂಬುದನ್ನು ಬಹುಶಃ ಯಾರೂ ಕೇಳಿರುವುದಿಲ್ಲ. ಇವುಗಳಲ್ಲಿ ಯಾವುದೂ ತಪ್ಪು ಬೇಡಿಕೆಯಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ಆರಿಸುವುದು ಸುಲಭ. ಒಳ್ಳೆಯದಕ್ಕೂ ಒಳ್ಳೆಯದಕ್ಕೂ ನಡುವೆ ಆರಿಸುವುದೇ ಕಷ್ಟ. ಕೈಯಲ್ಲಿರುವ ಹಣ ಒಂದು ಪಾಲು, ಮಾಡಬೇಕಾದ ಕೆಲಸ ಹತ್ತು ಪಾಲು ಆಗಿರುವಾಗ ಈ ಕಷ್ಟದಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ನಮ್ಮ ಸೀಮೆಯ ಹಣದ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಮನೆಗಳು ಬಹುಮಟ್ಟಿಗೆ ತೆಂಗಿನ ನೆರಳಿನಲ್ಲಿ ಬಾಳತಕ್ಕವು. ಉಂಡೆ ಕೊಬ್ಬರಿಗಾಗಿ ಕೆಡವಿದ ಕಾಯಿಯನ್ನು ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಟ್ಟದ ಮೇಲೆ ಇರಿಸಿ, ಒಳಗಿನ ನೀರು ಬತ್ತಿದ ಮೇಲೆ ಸುಲಿದು ಒಡೆಯುತ್ತಾರೆ. ಆದಕಾರಣ ಹಣ ಮನೆಗೆ ಬರುವುದು ತಿಂಗಳು ತಿಂಗಳಲ್ಲ, ಕೊಬ್ಬರಿ ಪೇಟೆಗೆ ಹೋದ ದಿನ. ಆ ದಿನದ ಬೆಲೆಯೂ ನಮ್ಮ ಕೈಯಲ್ಲಿಲ್ಲ. 2023ರಲ್ಲಿ ಕೇಂದ್ರ ಸರಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗೆ ಬಂದರು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಗಳನ್ನು ದಾಟಿತು. ಶಾಲೆಯ ಖರ್ಚಾದರೋ ಹೀಗೆ ಏರಿಳಿಯುವುದಿಲ್ಲ. ಜಾಡಮಾಲಿಯ ಸಂಬಳ, ವಿದ್ಯುತ್ತಿನ ಬಿಲ್ಲು, ಅಡಿಗೆಯ ಅನಿಲ ಇವು ಪ್ರತಿ ತಿಂಗಳೂ ಬಾಗಿಲು ತಟ್ಟುತ್ತವೆ. ಬೆಲೆ ಏರಿದ ವರುಷದ ಉತ್ಸಾಹದಲ್ಲಿ ಕಟ್ಟಿಸಿದ್ದನ್ನು ಬೆಲೆ ಇಳಿದ ವರುಷದಲ್ಲಿಯೂ ನಡೆಸಬೇಕಾಗುತ್ತದೆ ಎಂಬುದನ್ನು ನಾವು ಮರೆಯಲಾಗದು.

ಹೀಗಿರಲು, ಆರಿಸುವುದಕ್ಕೆ ಯಾವುದಾದರೂ ಒಂದು ಅಳತೆಗೋಲು ಬೇಡವೇ? ನಮ್ಮ ಅಭಿಪ್ರಾಯದಲ್ಲಿ ಆ ಅಳತೆಗೋಲು ಒಂದೇ ಪ್ರಶ್ನೆಯಲ್ಲಿ ಅಡಗಿದೆ: 'ಯಾವುದು ಇಲ್ಲದಿದ್ದರೆ ಹುಡುಗಿ ಶಾಲೆಗೆ ಬರುವುದನ್ನೇ ನಿಲ್ಲಿಸುತ್ತಾಳೆ?' ಯಾವ ಕೊರತೆಯು ಬಾಲಿಕೆಯನ್ನು ಮನೆಗೆ ಹಿಂದಿರುಗಿಸುತ್ತದೆಯೋ ಅದನ್ನು ಮೊದಲು ತುಂಬಬೇಕು. ಯಾವ ಕೊರತೆಯು ಆಕೆಯ ಕಲಿಕೆಯನ್ನು ನಿಧಾನ ಮಾಡುತ್ತದೆಯೋ ಅದನ್ನು ಎರಡನೆಯದಾಗಿ ತುಂಬಬೇಕು. ಯಾವುದು ಶಾಲೆಯ ಕೀರ್ತಿಯನ್ನು ಹೆಚ್ಚಿಸುತ್ತದೆಯೋ ಅದು ಮೂರನೆಯದಾಗಲಿ. ಈ ಕ್ರಮವನ್ನು ಒಪ್ಪುವವರು ಅನೇಕರು. ಖರ್ಚಿನ ಪಟ್ಟಿಯಲ್ಲಿ ಇದನ್ನು ಪಾಲಿಸುವವರು ಕೆಲವರು.

ಸ್ತ್ರೀವಿದ್ಯಾಭ್ಯಾಸದ ಚರಿತ್ರೆಯೇ ಈ ಮಾತಿಗೆ ಸಾಕ್ಷಿಯಾಗಿದೆ. ಕಲ್ಕತ್ತೆಯಲ್ಲಿ 1849ರಲ್ಲಿ ಬೆಥೂನ್ ಎಂಬವರು ಬಾಲಿಕೆಯರ ಶಾಲೆಯನ್ನು ತೆರೆದಾಗ ಪಾಠದ ವ್ಯವಸ್ಥೆಯೊಡನೆ ಮಕ್ಕಳನ್ನು ಮನೆಯಿಂದ ಕರೆತರುವ ಬಂಡಿಯ ವ್ಯವಸ್ಥೆಯೂ ನಡೆಯಿತು. ಬಂಡಿ ಇಲ್ಲದಿದ್ದರೆ ಆ ಕಾಲದ ಮನೆತನಸ್ಥರ ಹೆಣ್ಣುಮಕ್ಕಳು ಬೀದಿಗಿಳಿದು ಬರುವಂತಿರಲಿಲ್ಲ. ಎಂದರೆ, ನಾವು ಇಂದು ಪಾಠಕ್ಕೆ ಸೇರಿಸಿದ ಉಪಾಂಗವೆಂದು ಭಾವಿಸುವ ಸೌಕರ್ಯವು ಆ ದಿನ ಪಾಠದ ಬಾಗಿಲೇ ಆಗಿದ್ದಿತು. ನಮ್ಮ ಕಾಲಕ್ಕೆ ಬಂದರೆ, ಬಿಹಾರದಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಯ ಬಾಲಿಕೆಯರಿಗೆ ಬೈಸಿಕಲ್ಲು ಕೊಡುವ ಯೋಜನೆ ಆರಂಭವಾಯಿತು. ಕಾರ್ತಿಕ್ ಮುರಳೀಧರನ್, ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪ್ರೌಢಶಾಲೆಗೆ ಸೇರುವ ಬಾಲಿಕೆಯರ ಸಂಖ್ಯೆಯು ನೂರಕ್ಕೆ ಸುಮಾರು 30ರಷ್ಟು ಹೆಚ್ಚಿತೆಂದೂ, ಈ ಹೆಚ್ಚಳವು ಮುಖ್ಯವಾಗಿ ಶಾಲೆಗೆ ದೂರವಾದ ಹಳ್ಳಿಗಳಲ್ಲಿ ಕಂಡುಬಂದಿತೆಂದೂ ತಿಳಿಸಿದ್ದಾರೆ. ಉಪಾಧ್ಯಾಯರು ಬದಲಾಗಲಿಲ್ಲ, ಪಠ್ಯಪುಸ್ತಕ ಬದಲಾಗಲಿಲ್ಲ. ಎರಡು ಚಕ್ರಗಳು ಬಂದವು, ಹುಡುಗಿಯರು ಬಂದರು.

ನಮ್ಮ ರಾಜ್ಯದಲ್ಲಿಯೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆ ಮೊದಲಾಗಿ, ಅನೇಕ ವರ್ಷ ನಡೆದು, ಕೊರೋನಾ ಮಹಾಮಾರಿಯ ಕಾಲದಲ್ಲಿ ನಿಂತಿತು. 2023ನೆಯ ಇಸವಿ ಜೂನ್ 11ರಿಂದ ಶಕ್ತಿ ಯೋಜನೆಯ ಮೇರೆಗೆ ಸ್ತ್ರೀಯರು ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದೆ ಪ್ರಯಾಣ ಮಾಡಬಹುದಾಯಿತು. ದಂಡಿನಶಿವರ, ಮಾಯಸಂದ್ರ, ದಬ್ಬೇಘಟ್ಟದ ಕಡೆಯಿಂದ ಊರಿಗೆ ಬರುವ ಬಾಲಿಕೆಗೆ ಇದು ದೊಡ್ಡ ಉಪಕಾರವೆಂಬುದು ನಿಸ್ಸಂದೇಹ. ಆದರೆ ಟಿಕೆಟಿಗೆ ಹಣ ಬೇಡವಾದ ಮಾತ್ರಕ್ಕೆ ಬಸ್ಸು ಹೊತ್ತಿಗೆ ಬಂದಂತಾಗಲಿಲ್ಲ. ಹತ್ತನೆಯ ತರಗತಿಗೆ ಸಂಜೆಯ ವಿಶೇಷ ಪಾಠವನ್ನಿಟ್ಟರೆ ಫಲಿತಾಂಶಕ್ಕೆ ಒಳ್ಳೆಯದು; ಕಡೆಯ ಬಸ್ಸು ತಪ್ಪಿದ ಹುಡುಗಿಯ ತಂದೆಗೆ ಅದೇ ಪಾಠ ಭಯದ ಕಾರಣ. ಎರಡು ದಿನ ತಡವಾಗಿ ಬಂದ ಮಗಳನ್ನು ಮೂರನೆಯ ದಿನ ಆತ ಕಳುಹಿಸುವುದಿಲ್ಲ. ಇಲ್ಲಿ ವಾಹನವನ್ನು ಕೊಳ್ಳುವುದಕ್ಕಿಂತ ಮೊದಲು, ವಿಶೇಷ ಪಾಠವನ್ನು ಬೆಳಗ್ಗೆಗೋ ಮಧ್ಯಾಹ್ನದ ಬಿಡುವಿಗೋ ಬದಲಾಯಿಸಬಹುದೇ, ಬಸ್ಸಿನ ಡಿಪೋದವರಿಗೆ ಮನವಿ ಕೊಡಬಹುದೇ ಎಂದು ನೋಡುವುದು ವಿವೇಕ. ಎಲ್ಲ ಸುಧಾರಣೆಯೂ ಹಣದಿಂದಲೇ ಆಗತಕ್ಕದ್ದಲ್ಲ; ಕೆಲವು ಗಡಿಯಾರದ ಮುಳ್ಳನ್ನು ಸರಿಸಿದರೆ ಆಗುತ್ತವೆ.

ಇನ್ನು ಶೌಚಾಲಯದ ವಿಷಯ. ಸಭ್ಯರ ಲೇಖನದಲ್ಲಿ ಈ ಮಾತೇಕೆಂದು ಕೆಲವರು ಮೂಗು ಮುರಿಯಬಹುದು. ಆದರೆ ನಾವು ಓದುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಅನೇಕರು ಬೆಳಗ್ಗೆ ಮನೆಯಲ್ಲಿ ಒಂದು ಲೋಟ ನೀರು ಕುಡಿದರೆ ಸಂಜೆ ಮನೆಗೆ ಮರಳುವವರೆಗೆ ಮತ್ತೆ ನೀರನ್ನು ಮುಟ್ಟುತ್ತಿರಲಿಲ್ಲ. ಬಾಯಾರಿಕೆ ಇರಲಿಲ್ಲವೆಂದಲ್ಲ, ಕುಡಿದರೆ ಹೋಗುವುದೆಲ್ಲಿಗೆ ಎಂಬ ಚಿಂತೆ. ತಿಂಗಳಿನಲ್ಲಿ ಮೂರು ನಾಲ್ಕು ದಿನ ಶಾಲೆಗೇ ಬಾರದವರೂ ಇದ್ದರು. ಹಾಜರಿ ಪುಸ್ತಕದಲ್ಲಿ ಅದಕ್ಕೆ 'ಹೊಟ್ಟೆನೋವು' ಎಂದು ಕಾರಣ ಬರೆಯಲ್ಪಡುತ್ತಿದ್ದಿತು. ಗೈರುಹಾಜರಿಯು ಬೆಳೆದು ಬೆಳೆದು ಪಾಠ ಹಿಂದೆ ಬಿದ್ದು, ಕೊನೆಗೆ 'ಇವಳಿಗೆ ಓದು ಹತ್ತುವುದಿಲ್ಲ' ಎಂಬ ತೀರ್ಪಿನೊಡನೆ ಎಷ್ಟೋ ಮಂದಿ ಮನೆಯಲ್ಲಿ ಉಳಿದರು. ಅವರಿಗೆ ಓದು ಹತ್ತದೆ ಇರಲಿಲ್ಲ. ಒಂದು ಬಾಗಿಲು, ಒಂದು ಚಿಲಕ, ಒಂದು ಬಕೆಟ್ಟು ನೀರು ಇರಲಿಲ್ಲ.

ಇದು ನಮ್ಮ ಊಹೆ ಮಾತ್ರವಲ್ಲ. 2003ರ ಸುಮಾರಿಗೆ ದೇಶದ ಶಾಲೆಗಳಲ್ಲಿ ಶೌಚಾಲಯಗಳನ್ನು ಕಟ್ಟಿಸಿದ ಕಾರ್ಯದ ಪರಿಣಾಮವನ್ನು ಅಂಜಲಿ ಅಡುಕಿಯಾ ಎಂಬ ವಿದುಷಿ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಶೌಚಾಲಯ ಬಂದ ಶಾಲೆಗಳಿಗೆ ಸೇರುವ ಮಕ್ಕಳ ಸಂಖ್ಯೆ ಹೆಚ್ಚಿತು. ಚಿಕ್ಕ ಮಕ್ಕಳಿಗೆ ಯಾವ ಶೌಚಾಲಯವಾದರೂ ಸಾಕಾಯಿತು; ಆದರೆ ಪ್ರಾಯಕ್ಕೆ ಬಂದ ಬಾಲಿಕೆಯರಿಗೆ ತಮಗೇ ಪ್ರತ್ಯೇಕವಾದುದಿದ್ದರೆ ಮಾತ್ರ ಪ್ರಯೋಜನವಾಯಿತು. 2009ರ ಶಿಕ್ಷಣ ಹಕ್ಕಿನ ಕಾನೂನು 1ರಿಂದ 8ನೆಯ ತರಗತಿಯವರೆಗಿನ ಶಾಲೆಗಳಿಗೆ ಪ್ರತ್ಯೇಕ ಶೌಚಾಲಯವನ್ನೂ ಶುದ್ಧ ನೀರನ್ನೂ ವಿಧಿಸಿದೆ. 2012ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಶಾಲೆಗಳಿಗೂ ಇಂಥದೇ ಆಜ್ಞೆಯನ್ನಿತ್ತಿತು. ಬಾಲಿಕೆಯರ ಶಾಲೆಯಲ್ಲಿ ಪ್ರತ್ಯೇಕವೆಂಬ ಪ್ರಶ್ನೆಯು ಸಹಜವಾಗಿಯೇ ತೀರಿದೆಯಾದರೂ ನೀರು, ಚಿಲಕ, ಬೆಳಕು, ಬಳಸಿದ ಪ್ಯಾಡುಗಳನ್ನು ಹಾಕುವ ಮುಚ್ಚಳದ ಡಬ್ಬಿ ಇವು ತಾವಾಗಿಯೇ ಬರುವುದಿಲ್ಲ. ಕರ್ನಾಟಕ ಸರಕಾರದ ಶುಚಿ ಯೋಜನೆಯು ಬಾಲಿಕೆಯರಿಗೆ ಪ್ಯಾಡುಗಳನ್ನು ಉಚಿತವಾಗಿ ಕೊಡುತ್ತ ಬಂದು, ನಡುವೆ ಕೆಲವು ವರ್ಷ ನಿಂತು, 2024ರಲ್ಲಿ ಪುನಃ ಮೊದಲಾಯಿತು. ಸರಕಾರದ ಸಹಾಯವು ನಿಂತ ವರ್ಷಗಳಲ್ಲಿ ಪ್ರಕೃತಿಯ ನಿಯಮವು ನಿಲ್ಲಲಿಲ್ಲ. ಆದ್ದರಿಂದ ಇಂಥ ಸಾಮಗ್ರಿಯ ಒಂದು ಸಣ್ಣ ಸಂಗ್ರಹವನ್ನು ಶಾಲೆಯೇ ಇಟ್ಟುಕೊಳ್ಳುವುದು ದೂರದೃಷ್ಟಿಯ ಲಕ್ಷಣ.

ಊಟದ ವಿಷಯದಲ್ಲಿ ಬೇರೊಂದು ಬಗೆಯ ತೂಕವಿದೆ. ಅಕ್ಷರ ದಾಸೋಹವು ನಮ್ಮ ರಾಜ್ಯದಲ್ಲಿ 2002ರಲ್ಲಿ ಮೊದಲಾಗಿ, 2007ರ ಹೊತ್ತಿಗೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ಹತ್ತನೆಯ ತರಗತಿಯವರೆಗೂ ಹಬ್ಬಿತು. 2013ರಲ್ಲಿ ಕ್ಷೀರಭಾಗ್ಯದಿಂದ ಹಾಲು ಸೇರಿತು. ಅನಂತರ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ ಇವು ಬಂದವು. ಸರಕಾರವು ಅನ್ನವಿಕ್ಕುವಲ್ಲಿ ಶಾಲೆಯು ತನ್ನ ಹಣವನ್ನು ಮತ್ತೆ ಅನ್ನಕ್ಕೇ ಹಾಕಬೇಕಾಗಿಲ್ಲ. ಅನ್ನದ ಸುತ್ತಲಿನ ಕೊರತೆಯನ್ನು ತುಂಬಬೇಕು: ಮಳೆಬಿಸಿಲು ತಾಗದ ಊಟದ ಚಾವಡಿ, ಕೈತೊಳೆಯುವ ಸಾಲುನಲ್ಲಿ, ತಟ್ಟೆ ತೊಳೆದ ನೀರು ಹರಿದುಹೋಗುವ ಚರಂಡಿ. ಸರಕಾರದ ಹಣ, ದಾನಿಗಳ ಹಣ, ತಂದೆತಾಯಂದಿರ ಹಣ ಇವು ಮೂರೂ ಒಂದೇ ಕುಳಿಗೆ ಬಿದ್ದು ಪಕ್ಕದ ಕುಳಿ ಬರಿದಾಗಿ ಉಳಿಯುವುದು ನಮ್ಮ ಯೋಜನೆಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ.

ಇಲ್ಲಿಗೆ ನಮ್ಮ ಮಾತಿಗೆ ಒಂದು ಬಲವಾದ ಆಕ್ಷೇಪವಿದೆ. 'ನೀರು, ಶೌಚಾಲಯ, ದಾರಿ ಎನ್ನುತ್ತಲೇ ಕುಳಿತರೆ ನಮ್ಮ ಮಕ್ಕಳು ಬೆಂಗಳೂರಿನ ಮಕ್ಕಳೊಡನೆ ಸರಿಗಟ್ಟುವುದೆಂದು? ಬಡವರ ಮಕ್ಕಳಿಗೆ ನೀರು ಸಾಕು, ಶ್ರೀಮಂತರ ಮಕ್ಕಳಿಗೆ ಪುಸ್ತಕ ಬೇಕು ಎಂಬುದು ನಿಮ್ಮ ನ್ಯಾಯವೇ?' ಎಂದು ಕೇಳುವ ತಂದೆತಾಯಂದಿರನ್ನು ನಾವು ಗೌರವಿಸುತ್ತೇವೆ. ಅವರ ಮಾತಿನಲ್ಲಿ ಸತ್ಯವಿದೆ. ಗಣಕಯಂತ್ರವನ್ನು ಮುಟ್ಟದೆ ಹತ್ತನೆಯ ತರಗತಿಯನ್ನು ಮುಗಿಸಿದ ಬಾಲಿಕೆಯು ಮುಂದೆ ಕಾಲೇಜಿನಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಆದ್ದರಿಂದ ಮೊದಲನೆಯದು ಪೂರ್ತಿಯಾಗಿ ಮುಗಿಯುವವರೆಗೆ ಎರಡನೆಯದನ್ನು ಮುಟ್ಟಲೇಕೂಡದೆಂದು ನಾವು ಹೇಳುವುದಿಲ್ಲ. ವರ್ಷದ ಹಣದಲ್ಲಿ ದೊಡ್ಡ ಪಾಲು ಮೊದಲನೆಯದಕ್ಕೆ, ಚಿಕ್ಕದಾದರೂ ತಪ್ಪದ ಪಾಲು ಎರಡನೆಯದಕ್ಕೆ ಎಂಬುದೇ ನಮ್ಮ ಸೂಚನೆ. ಪುಸ್ತಕ ಭಂಡಾರವನ್ನು ವರ್ಷಕ್ಕೆ ಒಂದು ಕಪಾಟಿನಂತೆ ಬೆಳೆಸಬಹುದು. ಶೌಚಾಲಯವನ್ನು ವರ್ಷಕ್ಕೆ ಒಂದು ಗೋಡೆಯಂತೆ ಕಟ್ಟಲಾಗದು. ತುಣುಕುತುಣುಕಾಗಿ ಬೆಳೆಯಬಲ್ಲುದು ಸ್ವಲ್ಪ ಕಾಯಬಲ್ಲುದು ಎಂಬ ಈ ಭೇದವನ್ನೂ ಯೋಜನೆ ಮಾಡುವವರು ಗಮನದಲ್ಲಿಡಬೇಕು.

ಬಹುಮಂದಿಯ ಅನುಕೂಲಕ್ಕೂ ಕೆಲವರ ಅಗತ್ಯಕ್ಕೂ ನಡುವಿನ ತಕರಾರು ಇದಕ್ಕಿಂತ ಸೂಕ್ಷ್ಮವಾದುದು. ತಲೆ ಎಣಿಸಿ ತೀರ್ಮಾನಿಸುವುದಾದರೆ ವಿದ್ಯಾರ್ಥಿನಿನಿಲಯದ ಕೆಲವೇ ಬಾಲಿಕೆಯರು ಯಾವಾಗಲೂ ಸೋಲುತ್ತಾರೆ. ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಬಾಲಿಕೆಯಂತೂ ಎಂದೂ ಗೆಲ್ಲುವುದಿಲ್ಲ. ಮುನ್ನೂರು ಮಂದಿಗೆ ಆಟದ ಬಯಲನ್ನು ಸಮಮಾಡಿಸುವುದೋ, ಒಬ್ಬಳಿಗಾಗಿ ಇಳಿಜಾರು ದಾರಿಯನ್ನು ಕಟ್ಟಿಸುವುದೋ? ಮುನ್ನೂರು ಮಂದಿ ಉಬ್ಬುತಗ್ಗಿನ ಬಯಲಿನಲ್ಲಿಯೂ ಆಡುತ್ತಾರೆ. ಆ ಒಬ್ಬಳು ಮೂರು ಮೆಟ್ಟಿಲುಗಳನ್ನು ಹತ್ತಲಾರಳು. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕಾನೂನು ಈ ದಾರಿಯನ್ನು ದಯೆಯೆಂದಲ್ಲ, ಹಕ್ಕೆಂದು ಎಣಿಸಿದೆ. ಎಷ್ಟು ಮಂದಿಗೆ ಬೇಕೆಂಬುದರೊಡನೆ, ಇಲ್ಲದಿದ್ದರೆ ಎಷ್ಟು ಕೆಡುತ್ತದೆಂಬುದನ್ನೂ ತೂಗಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ.

ಈಗ ನಾವು ಅತ್ಯಂತ ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇವೆ. ಅದು ಕಟ್ಟಿಸುವುದಕ್ಕೂ ಕಾಪಾಡುವುದಕ್ಕೂ ನಡುವಣ ವಿರೋಧ. ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತುವುದು ಹೊಸ ಕಟ್ಟಡದ ಗೋಡೆಯ ಮೇಲೆ. ಜಾಡಮಾಲಿಯ ಸಂಬಳದ ಮೇಲೆ ಯಾರ ಹೆಸರನ್ನೂ ಕೆತ್ತುವುದಿಲ್ಲ. ಅದರಿಂದಲೇ ಕಟ್ಟಡಕ್ಕೆ ಹಣ ಬರುತ್ತದೆ, ಸಂಬಳಕ್ಕೆ ಬರುವುದಿಲ್ಲ. ಎರಡು ವರ್ಷದಲ್ಲಿ ಹೊಸ ಶೌಚಾಲಯಕ್ಕೆ ಬೀಗ ಬೀಳುತ್ತದೆ. ತುಮಕೂರು ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿದ್ದು, ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಕುಡಿಯಲು ಯೋಗ್ಯವಲ್ಲ. ಹಲ್ಲು ಎಲುಬುಗಳಿಗೆ ಕೇಡು. ಆದುದರಿಂದ ಶುದ್ಧೀಕರಣ ಯಂತ್ರಗಳು ಬಂದಿವೆ. ಯಂತ್ರವನ್ನು ಕೂರಿಸುವ ದಿನ ಹಾರತುರಾಯಿ ಉಂಟು. ಅದರ ಒಳಗಿನ ಜರಡಿಯನ್ನು ಕಾಲಕಾಲಕ್ಕೆ ಬದಲಾಯಿಸುವ ದಿನ ಯಾರೂ ಇಲ್ಲ. ಜರಡಿ ಕೆಟ್ಟ ಯಂತ್ರದಿಂದ ಬರುವ ನೀರು, ಶುದ್ಧವಾಯಿತೆಂಬ ಭ್ರಮೆಯೊಂದಿಗೆ ಕುಡಿಯಲ್ಪಡುವುದರಿಂದ, ಮೊದಲಿನದಕ್ಕಿಂತಲೂ ಅಪಾಯಕರ.

ಈ ವಿಷಯದಲ್ಲಿ ನಮ್ಮ ಪೂರ್ವಿಕರು ನಮಗಿಂತ ಜಾಣರಾಗಿದ್ದರು. ನಮ್ಮ ನಾಡಿನ ಶಾಸನಗಳಲ್ಲಿ ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಮಾತುಗಳು ಬರುತ್ತವೆ. ಕೆರೆಯನ್ನು ಕಟ್ಟಿಸಿದವರಿಗೂ ಅದನ್ನು ನೋಡಿಕೊಳ್ಳುವವರಿಗೂ ಭೂಮಿಯನ್ನು ಬಿಡುತ್ತಿದ್ದರು. ಹೂಳನ್ನು ಹೊರುವ ಬಂಡಿಯ ಖರ್ಚಿಗೆಂದೇ ಗದ್ದೆಯನ್ನು ಬಿಟ್ಟದ್ದೂ ಉಂಟು. ಕೆರೆ ಕಟ್ಟಿದ ದಿನವೇ ಹೂಳು ತುಂಬುವ ದಿನವನ್ನು ಅವರು ನೆನೆದರು. ಕೆರೆಯ ಹೆಸರನ್ನೇ ಹೊತ್ತ ಊರಿನವರಾದ ನಾವು ಈ ಬುದ್ಧಿಯನ್ನು ಮರೆಯಬಹುದೇ? ಶಾಲೆಗೆ ಬರುವ ಪ್ರತಿಯೊಂದು ದೊಡ್ಡ ದಾನದಲ್ಲಿ ನಾಲ್ಕನೆಯ ಒಂದು ಭಾಗವನ್ನು ಕಟ್ಟಡಕ್ಕೆ ಹಾಕದೆ, ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಅದರ ಬಡ್ಡಿಯಿಂದ ನಲ್ಲಿ, ಚಿಲಕ, ಜರಡಿ, ಸಂಬಳ ಇವುಗಳನ್ನು ನಡೆಸಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಇದರಿಂದ ಕಟ್ಟಡ ಒಂದು ಅಂಕಣ ಚಿಕ್ಕದಾಗಬಹುದು. ಆಗಲಿ. ಬೀಗ ಬಿದ್ದ ನಾಲ್ಕು ಕೋಣೆಗಳಿಗಿಂತ ಬಾಗಿಲು ತೆರೆದಿರುವ ಮೂರು ಕೋಣೆಗಳು ಲೇಸು.

ಕಡೆಯದಾಗಿ, ಈ ತೂಕವನ್ನು ಮಾಡತಕ್ಕವರು ಯಾರು? ಆಡಳಿತ ಮಂಡಲಿಯ ಹಿರಿಯರು ಗೌರವಾನ್ವಿತರು. ಆದರೆ ಮಧ್ಯಾಹ್ನ ಎರಡು ಗಂಟೆಗೆ ಶಾಲೆಯ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬುದನ್ನು ಅವರಿಗಿಂತ ಒಂಬತ್ತನೆಯ ತರಗತಿಯ ಬಾಲಿಕೆ ಚೆನ್ನಾಗಿ ಬಲ್ಲಳು. ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆದು ಮಕ್ಕಳು ತಮ್ಮ ಕೊರತೆಯನ್ನು ಎದ್ದು ನಿಂತು ಹೇಳುವುದನ್ನು ನಾವು ಕಂಡಿದ್ದೇವೆ. ಅಂಥ ಒಂದು ಸಭೆ ವರ್ಷಕ್ಕೊಮ್ಮೆ ಶಾಲೆಯಲ್ಲಿಯೂ ನಡೆಯಲಿ. ಎದ್ದು ಹೇಳಲು ನಾಚುವ ಮಾತುಗಳಿಗೆ ಹೆಸರು ಬರೆಯದ ಚೀಟಿಯ ಪೆಟ್ಟಿಗೆಯೊಂದಿರಲಿ. ಅಡಿಗೆಯವರನ್ನೂ ಆಯಾಗಳನ್ನೂ ಕೇಳಬೇಕು. ಶಾಲೆಯಲ್ಲಿ ಎಲ್ಲಿ ಸೋರುತ್ತದೆಂಬುದು ಅವರಿಗೆ ಗೊತ್ತು.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಮ್ಮಲ್ಲಿ ದೊಡ್ಡ ದಾನ ಮಾಡಬಲ್ಲವರು ಕೆಲವರು. ಸಣ್ಣದನ್ನು ತಪ್ಪದೆ ಕೊಡಬಲ್ಲವರು ಬಹುಮಂದಿ. ಪಟ್ಟಣಗಳಲ್ಲಿ ಸಂಬಳ ಪಡೆಯುವವರು ತಿಂಗಳಿಗೊಂದು ಸಣ್ಣ ಮೊತ್ತವನ್ನು ಕಾಪಾಡುವ ನಿಧಿಗೆ ಕಳುಹಿಸಬಹುದು. ತೋಟವುಳ್ಳ ತಂದೆತಾಯಂದಿರೇ, ತಿಂಗಳಿನ ಲೆಕ್ಕ ನಿಮಗೆ ಒಗ್ಗದಿದ್ದರೆ ನಿಮ್ಮ ತೋಟದಲ್ಲಿ ಒಂದೇ ಒಂದು ಮರವನ್ನು ಶಾಲೆಯ ಮರವೆಂದು ಗುರುತಿಸಿರಿ. ಅದರ ಕಾಯಿ ಕೊಬ್ಬರಿಯಾಗಿ ಪೇಟೆಗೆ ಹೋದ ದಿನ, ಬೆಲೆ ಏರಿರಲಿ ಇಳಿದಿರಲಿ, ಬಂದಷ್ಟನ್ನು ಶಾಲೆಗೆ ತಲುಪಿಸಿರಿ. ಆ ಹಣದ ಮೇಲೆ ನಿಮ್ಮ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಲಾರರು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ಹುಡುಗಿ ಯಾವ ಚಿಂತೆಯೂ ಇಲ್ಲದೆ ನಲ್ಲಿಯ ಬಳಿಗೆ ಹೋಗಿ ಹೊಟ್ಟೆ ತುಂಬ ನೀರು ಕುಡಿದು ಪಾಠಕ್ಕೆ ಹಿಂದಿರುಗುವಳು. ನಮ್ಮ ಕಾಲದಲ್ಲಿ ನಮಗೆ ದೊರೆಯದಿದ್ದ ಆ ನಿಶ್ಚಿಂತೆಯು ನಮ್ಮ ಮಕ್ಕಳಿಗೆ ದೊರೆಯಲಿ ಎಂಬುದೇ ನಮ್ಮ ಹಾರೈಕೆ.